ಅಣ್ಣ ಮನೆಗೆ ಬರಲಿಲ್ಲ

ಭಾನುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ನೀನು ದಾರಿ ನೋಡುತ್ತಿರುತ್ತೀಯ ಎಂದು ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಣ್ಣನನ್ನು ಕರೆತರುತ್ತಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು.

ನೀನು ಹೇಳಿದಂತೆ ಅವನನ್ನು ವಾಪಸ್ ಕರೆತರಲೆಂದೇ ಹೋಗಿದ್ದೆ. ಅವನು ಈಗ ಇರುವ ಆ ಮನೆಯಲ್ಲಿ ಅವನ ಹಾಗೆಯೇ ಬುದ್ಧಿ ನಿಧಾನವಾದ ಇನ್ನೂ ಮೂವರಿದ್ದಾರೆ. ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಾರೆ, ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ನಾನು ಹೋದಾಗ ಅಣ್ಣ ಇರಲಿಲ್ಲ. ಎಲ್ಲಿ ಎಂದರೆ ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಾ, "ಕಟಿಂಗ್ ಶಾಪಿಗೆ ಹೋಗಿದಾನೆ" ಎಂದರು, ತಣ್ಣಗೆ. ಬೀದಿಯ ಮಕ್ಕಳು ಅಣಕಿಸುತ್ತಾರೆಂದು ನೀನು ಅವನ ಕೂದಲನ್ನೂ ಮನೆಯೊಳಗೇ ಕತ್ತರಿಸುತ್ತಿದ್ದೆಯಲ್ಲ! ನಲವತ್ತು ದಾಟಿದರೂ ಬೀದಿಯನ್ನು ಕಿಟಕಿಯಿಂದಲೇ ನೋಡಿದವನು. ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ.

ಅಂಗಡಿಯ ಕುರ್ಚಿಯಲ್ಲಿ ಕೂತಿದ್ದವನು ಅದೇ ಮನೆಯ ಮೂವರಲ್ಲೊಬ್ಬ, ಉದ್ದಣ್ಣ ಅಂತ ಕರೆಯುತ್ತಾರೆ. ಆರಡಿ ಆಳು, ಕತ್ತರಿ ಸದ್ದಿಗೆ ಗಡಗಡ ನಡುಗುತ್ತಾನೆ. ಅಣ್ಣ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಅವನ ಕೈ ಹಿಡಿದಿದ್ದ. "ಕೂದ್ಲಿಗೆ ನೋವಾಗಲ್ಲ ಕಣೋ. ನನ್ನೇ ನೋಡು. ಆಯ್ತು, ಆಯ್ತು" ಎನ್ನುತ್ತಿದ್ದ. ಕ್ಷೌರಿಕರು ಕನ್ನಡಿಯಲ್ಲೇ ನನ್ನನ್ನು ನೋಡಿ, ಅಣ್ಣನನ್ನು ತೋರಿಸಿ, "ಇವ್ರು ಬರೋಕೆ ಮುಂಚೆ ಈ ಪುಣ್ಯಾತ್ಮ ಬಾಗಿಲ ಹತ್ರಾನೂ ಸುಳೀತಿರ್ಲಿಲ್ಲ" ಎಂದು ನಕ್ಕರು. ಕಾಯುತ್ತಿದ್ದ ಗಿರಾಕಿಗಳು ಅಣ್ಣನನ್ನು ಮಾತಾಡಿಸಿದರು ಅಮ್ಮ. ಏನೂ ವಿಶೇಷವಿಲ್ಲ, ತಿಂಡಿ ಆಯ್ತಾ, ಏನ್ ಬಿಸಿಲಪ್ಪ, ಅಷ್ಟೇ. ಅವನೂ ಮಾಮೂಲಿಯಾಗಿ ಉತ್ತರ ಕೊಟ್ಟ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ವಾಪಸ್ ಬರುವಾಗ ಕೇಳಿದೆ, ಮನೆಗೆ ಹೋಗೋಣ ಬಾ, ಅಮ್ಮ ಅಳ್ತಾಳೆ ಎಂದು. ಅವನ ಮುಖ ಸಣ್ಣಗಾಯಿತು. ಆಮೇಲೆ ನಿಂತು, "ಅಲ್ಲಿ ಅಮ್ಮ ಇದಾಳೆ. ಇಲ್ಲಿ ಫ್ರೆಂಡ್ಸ್ ಇದಾರೆ. ನಾನು ಇಲ್ಲೇ ಇರ್ತೀನಿ ಕಣೇ" ಎಂದ. ಅವನು ಇಷ್ಟು ಸ್ಪಷ್ಟವಾಗಿ ಬೇಕು ಬೇಡ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮತ್ತೆ ಒತ್ತಾಯ ಮಾಡಲಿಲ್ಲ.

ಓದಿ ನಿನಗೆ ಸಂಕಟವಾಗುತ್ತದೆ. ಆದರೆ ಅವನಿಗೆ ನಿನ್ನ ಮೇಲಿನ ಅಕ್ಕರೆ ಕಡಿಮೆಯಾಗಿಲ್ಲ. ಊಟಕ್ಕೆ ಎಲ್ಲರಿಗೂ ತಾನೇ ಬಡಿಸಿದ. ಥೇಟ್ ನಿನ್ನ ಹಾಗೆ, ಸಾಕು ಎಂದವರಿಗೇ ಇನ್ನೊಂದು ಸೌಟು. ಅವನು ಚೆನ್ನಾಗಿದ್ದಾನೆ ಅಮ್ಮ. ನಿಜವಾಗಿಯೂ.

ಇಂತಿ ನಿನ್ನ,
ಮಗಳು

ಮರೆತಿದ್ದೆ: ತುತ್ತು ಕೈಯಲ್ಲೇ ಹಿಡಿದು ಅಣ್ಣ ಕೇಳಿದ, "ಅಮ್ಮ ಈಗ ಯಾರ ಜೊತೆ ಊಟ ಮಾಡ್ತಾಳೆ?" ಒಬ್ಬಳೇ ಎಂದೆ. ಹಾಗಾದರೆ ಮುಂದಿನ ಭಾನುವಾರ ನಿನ್ನನ್ನು ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗಬೇಕಂತೆ. ಹೊರಡುತ್ತೀಯಲ್ಲ?