ಬಾಸಿಲಿಯಾಳ ಕಾರಿಗೆ ದೊಡ್ಡ ಕಾರ್ಬುರೇಟರ್

ಆಗಸ್ಟ್ 24, ಗುರುವಾರ. ಸಂಜೆ

ಎರಡು ಜಾಕೆಟ್ಟಿನ ತೋಳು ಮುಗಿಯಿತು. ಕಸೂತಿಯ ಡ್ರ್ಯಾಗನ್ನಿನ ಬಾಲ ಬಾಕಿ. ಕುಣಿತದ ತಂಡದವರು ಬರುವುದು ಸೋಮವಾರ. ಜರಿದಾರ ಸಾಲದೇ ಹೋದರೆ? ಸಾಲುತ್ತದೆ. ಮೂರು ಸಲ ಅಳೆದಿದ್ದೇನೆ. ಆದರೂ...

ನನ್ನ ಹೆಂಡತಿ ಬಾಸಿಲಿಯಾ ಸಂತೆ ಮುಗಿಸಿ ಬಂದಳು. ಬೆನ್ನಿನ ಗಂಟು ಬಿಚ್ಚಿದಳು — ಮಾರಾಟವಾಗದ ಸ್ಪಾರ್ಕ್ ಪ್ಲಗ್ಗು, ಎರಡು ಚೈನು, ಒಂದು ಸಣ್ಣ ಪೊಟ್ಟಣ. ಹ್ಯಾಟು ತೆಗೆಯುವ ಮೊದಲೇ ಪೊಟ್ಟಣ ಬಿಚ್ಚಿದಳು. ಕಾರ್ಬುರೇಟರ್. ಹಳೆಯದರ ಬಾಯಿಗೆ ನನ್ನ ಕಿರುಬೆರಳು ಹೋಗುತ್ತಿತ್ತು. ಇದಕ್ಕೆ ಹೆಬ್ಬೆರಳು.

"ಇದರ ಬಾಯಿ ನೋಡು, ನಿಕಾ."

ನೋಡಲು ಕೈ ಚಾಚಿದೆ.

"ಕಣ್ಣಲ್ಲಿ ನೋಡು ಅಂದೆ."

ಕೈ ಹಿಂದೆ ತೆಗೆದುಕೊಂಡೆ. ಅವಳದ್ದೇನೂ ತಪ್ಪಿಲ್ಲ. ಹೋದ ವರ್ಷದ್ದು ನನ್ನದೇ. ಕರನಾವಿಯ ರೇಸಿಗೆ ಅವಳ ಪುಟ್ಟ ರಿಮೋಟ್ ಕಾರನ್ನು ನಾನು ಇಲ್ಲಿ, ಎಲ್ ಆಲ್ಟೋದಲ್ಲಿ, ನಮ್ಮ ತಾರಸಿಯ ಮೇಲೆ ನಾಲ್ಕು ದಿನ ಕೂತು ಹದ ಮಾಡಿದ್ದೆ. ಪೆಟ್ರೋಲಿನ ಸ್ಕ್ರೂ ದಾರಿಯಲ್ಲಿ ಅಲುಗಿ ಸಡಿಲವಾದರೆ ಎಂಬ ಚಿಂತೆ. ಅವಳ ಉಗುರಿನ ಬಣ್ಣವನ್ನೇ ಮೇಲೆ ಸುರಿದು ಮುಚ್ಚಿಬಿಟ್ಟೆ. ಇಲ್ಲಿ ಬೆಟ್ಟದ ಮೇಲೆ ಗಾಳಿ ತೆಳು, ಎಂಜಿನ್ನಿಗೆ ಪೆಟ್ರೋಲು ಕಡಿಮೆ ಸಾಕು. ಕೆಳಗೆ ಕರನಾವಿಯ ಕಾಡಿನ ಸೀಮೆಯಲ್ಲಿ ಗಾಳಿ ದಪ್ಪ, ಪೆಟ್ರೋಲು ಹೆಚ್ಚು ಬೇಕು. ಹೊಳೆಯಲೇ ಇಲ್ಲ. ನಾಲ್ಕನೇ ಸುತ್ತಿನಲ್ಲಿ ಪಿಸ್ಟನ್ ಕರಗಿ ಕಚ್ಚಿಕೊಂಡಿತು. ಅವಳು ಮೇಲೆ ಕಟ್ಟೆಯಲ್ಲಿ ರಿಮೋಟ್ ಹಿಡಿದು ನಿಂತಿದ್ದಳು. ಎಲ್ಲರೂ ನೋಡುತ್ತಿದ್ದರು. ಬಯ್ಯಲಿಲ್ಲ. ಬಸ್ಸಿನಲ್ಲಿ ಮನೆಯವರೆಗೂ ಬಯ್ಯಲಿಲ್ಲ. ಆಮೇಲೆ ಹೊಸ ಪಿಸ್ಟನ್ ಅವಳೇ ಹಾಕಿದಳು. ಅಂದಿನಿಂದ ನಾನು ಅವಳ ಎಂಜಿನ್ ಮುಟ್ಟಿಲ್ಲ.

ಮತ್ತೆ ಮುಟ್ಟಲು ಬಿಡುತ್ತಾಳೋ ಇಲ್ಲವೋ. ಕೇಳಲು ಧೈರ್ಯವಿಲ್ಲ.

ಆಗಸ್ಟ್ 25

ಹೊಸ ಕಾರ್ಬುರೇಟರ್ ಅವಳೇ ಕೂಡಿಸಿದಳು. ಹಗ್ಗ ಎಳೆದಳು. ಹತ್ತಿತು. ಒಂದು, ಎರಡು, ಮೂರು — ಆರಿತು. ಮತ್ತೆ ಎಳೆದಳು. ಒಂದು, ಎರಡು, ಮೂರು. ಇಪ್ಪತ್ತು ಸಲ ಎಣಿಸಿ ಬಿಟ್ಟೆ. ನನ್ನ ಹೊಲಿಗೆ ಮಿಷನ್ನನ್ನು ಜೋರಾಗಿ ತುಳಿದೆ, ಕೇಳಿಸುತ್ತಿದೆ ಎಂದು ಅವಳಿಗೆ ಗೊತ್ತಾಗದಿರಲಿ ಅಂತ.

ಆಗಸ್ಟ್ 28, ಸೋಮವಾರ

ತಂಡದವರು ಬರಲಿಲ್ಲ. ನಾಳೆಯಂತೆ.

ಮೇಜು ಒರೆಸುವಾಗ ಹಳೆ ಕಾರ್ಬುರೇಟರಿನ ಸಂದಿಗೆ ಹಾಕಿದ್ದ ಕಾಗದದ ಗ್ಯಾಸ್ಕೆಟ್ ಸಿಕ್ಕಿತು. ಬೆಳಕಿಗೆ ಹಿಡಿದೆ. ಕಸೂತಿಯ ನಕ್ಷೆಗೆ ಕಾಗದ ಚುಚ್ಚಿ ಚುಚ್ಚಿ ಬಂದ ಅಭ್ಯಾಸ. ನಡುವೆ ದೊಡ್ಡ ತೂತು, ಎರಡು ಬೋಲ್ಟಿನ ತೂತು. ಅದಲ್ಲದೆ ಪಕ್ಕದಲ್ಲಿ ಇನ್ನೊಂದು, ಸಾಸಿವೆ ಕಾಳಿನಷ್ಟು. ಸುಮ್ಮನೆ ಯಾರೂ ತೂತು ಮಾಡುವುದಿಲ್ಲ.

ಅವಳು ಇಲ್ಲದಾಗ ಕಾರಿನ ಪಕ್ಕ ಮಂಡಿಯೂರಿದೆ. ಮುಟ್ಟಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ ಅಷ್ಟೆ. ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವೆ ಕಪ್ಪು ದಪ್ಪ ತುಂಡೊಂದಿದೆ. ಅದನ್ನು ತಲೆಕೆಳಗಾಗಿ ಹಾಕಿದ್ದಾಳೆ. ಸಾಸಿವೆ ತೂತು ಮುಚ್ಚಿಹೋಗಿದೆ.

ಅನಿಸುತ್ತದೆ. ಖಾತ್ರಿ ಇಲ್ಲ. ಹೇಳಿ ತಪ್ಪಾದರೆ? ಹೇಳದೆ ಅವಳು ಕಾರ್ಬುರೇಟರನ್ನೇ ಎಸೆದರೆ?

ಸೆಪ್ಟೆಂಬರ್ 2, ಶನಿವಾರ

ಹೇಳಿದೆ. ಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಗಿತ್ತೋ.

"ಅದೇನು ಗರ ಬಡಿದೋನ ಹಾಗೆ ನಿಂತಿದ್ದೀಯ? ಹೇಳೋದಿದ್ರೆ ಹೇಳು."

"ಆ ಕಪ್ಪು ತುಂಡು... ತಲೆಕೆಳಗಾಗಿದೆ ಅನ್ಸುತ್ತೆ ಬಾಸಿ."

ಸ್ಪ್ಯಾನರ್ ಕೆಳಗಿಟ್ಟಳು. "ಯಾವಾಗಿಂದ ಅನ್ಸುತ್ತೆ?"

"ಸೋಮವಾರದಿಂದ."

"ಇವತ್ತು ಶನಿವಾರ."

"ಹೌದು."

"ಇಷ್ಟು ದಿನ ಹಗ್ಗ ಎಳೆದೂ ಎಳೆದೂ ನನ್ನ ರಟ್ಟೆ ಬಿದ್ದೋಯ್ತು. ನೀನು ಆ ಕಡೆ ಕೂತು ಬಾಲ ಹೊಲೀತಿದ್ಯಾ?"

"ತಪ್ಪಾದರೆ ಅಂತ..."

"ಬಾ ಇಲ್ಲಿ. ಕೂತ್ಕೋ."

ಕಾರ್ಬುರೇಟರ್ ಬಿಚ್ಚಿದಳು. ತುಂಡು ತೆಗೆದಳು. ಎಂಜಿನ್ನಿನ ಮೈಮೇಲೆ ಆ ಸಣ್ಣ ತೂತು ಕಂಡಿತು. ಬೆರಳಿಡು ಅಂದಳು. ಇಟ್ಟೆ. ಅವಳು ಮೆಲ್ಲಗೆ ಹಗ್ಗ ಎಳೆದಳು.

ತಟ್ಟಿತು. ಬೆರಳ ತುದಿಗೆ. ಎಳೆದುಕೊಂಡಿತು, ದೂಡಿತು, ಎಳೆದುಕೊಂಡಿತು.

ಏನು ಬರೆಯಲಿ. ನಾಡಿ ಅದು. ಪಿಸ್ಟನ್ ಏರಿ ಇಳಿಯುವಾಗ ಎಂಜಿನ್ನಿನ ಹೊಟ್ಟೆಯೊಳಗಿನ ಉಸಿರು ಈ ತೂತಿನಿಂದ ಕಾರ್ಬುರೇಟರಿಗೆ ಹೋಗಿ ಅಲ್ಲಿಯ ತೆಳು ಪೊರೆಯನ್ನು ಅಲುಗಿಸುತ್ತದೆ. ಆ ಅಲುಗಾಟಕ್ಕೆ ಪೆಟ್ರೋಲು ಮೇಲೇರುತ್ತದೆ. ಬೇರೆ ಪಂಪಿಲ್ಲ. ತನ್ನ ಊಟವನ್ನು ತನ್ನ ಎದೆಬಡಿತದಿಂದಲೇ ಎಳೆದುಕೊಳ್ಳುತ್ತದೆ. ಲೋಹದ್ದಲ್ಲ, ಯಾರದೋ ಮಣಿಕಟ್ಟು ಹಿಡಿದ ಹಾಗಿತ್ತು. ಬೆರಳು ತೆಗೆಯಲು ಮನಸ್ಸಾಗಲಿಲ್ಲ.

"ಇನ್ನೊಂದ್ಸಲ ಎಳಿ," ಅಂದೆ.

"ನನ್ನ ರಟ್ಟೆ, ಮಾರಾಯ," ಅಂದಳು. ಎಳೆದಳು.

ತುಂಡು ತಿರುಗಿಸಿ ಹಾಕಿದೆವು. ಹತ್ತಿತು. ಆರಲಿಲ್ಲ. ಕಿಟಕಿಯ ಗಾಜು ನಡುಗಿತು.

ಸೆಪ್ಟೆಂಬರ್ 8

ನಾಳೆ ಕರನಾವಿಗೆ ಹೊರಡುವುದು. ಬಾಸಿಯ ಅಣ್ಣ ಪ್ರುದೆನ್ಸಿಯೋನ ವ್ಯಾನು. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಹದ ನೋಡೋಣ ಎಂದೆ. ನಾನು ಹೇಳುವುದು, ಸ್ಕ್ರೂ ತಿರುಗಿಸುವುದು ಅವಳು. ಅಷ್ಟಕ್ಕೆ ಒಪ್ಪಿದಳು.

ಭಿನ್ನರಾಶಿ ಶುರುವಾಗುವ ಹೊತ್ತಿಗೆ ನಾನು ಶಾಲೆ ಬಿಟ್ಟಿದ್ದೆ. ಮುಕ್ಕಾಲು, ಎಂಟರಲ್ಲೊಂದು ಎಂದರೆ ತಲೆ ಕೆಡುತ್ತದೆ. ಗಡಿಯಾರದ ಲೆಕ್ಕ ಇಟ್ಟುಕೊಂಡಿದ್ದೇನೆ. ಸ್ಕ್ರೂವಿನ ಒಂದು ಸುತ್ತು ಒಂದು ಗಂಟೆ. ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು. ಮನೆಯಲ್ಲಿ ಈಗ: 45 ನಿಮಿಷ.

ಸೆಪ್ಟೆಂಬರ್ 9, ಶನಿವಾರ. ಬೆಳಿಗ್ಗೆ 7.20. ಘಾಟಿಯ ನೆತ್ತಿ

ಹಿಮ ಇದೆ. ಇಳಿಯುವ ಮೊದಲು ಎಲ್ಲ ಗಾಡಿಯವರಂತೆ ನಾವೂ ಚಕ್ರಕ್ಕೆ, ನೆಲಕ್ಕೆ ಮದ್ಯ ಚಿಮುಕಿಸಿದೆವು. ಬಾಸಿ ಕಾರ್ಬುರೇಟರಿಗೂ ಎರಡು ಹನಿ ಹಾಕಿದಳು. ರಬ್ಬರಿನ ಪೊರೆ ಕೆಟ್ಟರೆ? ತೋಳಿನಲ್ಲಿ ಒರೆಸಿದೆ. ಭಾವ ನೋಡಿಬಿಟ್ಟ.

"ಭೂತಾಯಿಗೆ ಕೊಟ್ಟದ್ದನ್ನ ಒರೆಸ್ತಾನಲ್ಲೇ ನಿನ್ನ ಗಂಡ. ಇವನ ತಟ್ಟೆಗೆ ಕೈ ಹಾಕಿದ್ರೆ ಸುಮ್ನಿರ್ತಾನಾ?"

"ಇರ್ತಾನೆ," ಅಂದಳು ಬಾಸಿ. "ವಾರ ಬಿಟ್ಟು ಹೇಳ್ತಾನೆ."

ಮನೆಗಿಂತ ಎತ್ತರ ಇದು. ಹೊಗೆ ಜಾಸ್ತಿ. 42.

9.05

ಕೆಳಗೆ ಬಂದೆವು. ಹಸಿರು ಶುರು. ಕಿವಿ ಟಪ್ಪೆಂದಿತು. ಎಂಜಿನ್ ಹತ್ತಿಸಿದರೆ ದನಿ ಕೀಚಲು. ಹಸಿದ ದನಿ. ಪ್ಲಗ್ ಬಿಚ್ಚಿ ನೋಡಿದೆವು, ತುದಿ ಬೆಳ್ಳಗೆ, ಪೆಟ್ರೋಲು ಸಾಲದ ಗುರುತು. 42ರಲ್ಲೇ ಓಡಿಸಿದ್ದರೆ... ಬೇಡ, ನೆನೆಯುವುದಿಲ್ಲ. 55 ಮಾಡಿದಳು. ದನಿ ಇಳಿಯಿತು.

ಭಾವ ಹಾರ್ನ್ ಹೊಡೆದ. "ಬಾಣಂತಿ ಕರ್ಕೊಂಡು ಹೋಗೋರೂ ಇಷ್ಟು ಸಲ ನಿಲ್ಸಲ್ಲ ಕಣಪ್ಪ."

"ನಿಲ್ಲಿಸಣ್ಣ. ಹೋದ ವರ್ಷ ನಿಲ್ಲಿಸಿರಲಿಲ್ಲ," ಅಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಇದೇ ಮೊದಲು. ಕಿಟಕಿಯಿಂದ ಹೊರಗೆ ನೋಡಿದೆ.

11.40. ಹೊಳೆಯ ಪಕ್ಕ

ಸ್ವೆಟರ್ ತೆಗೆದೆ. 1 ಗಂಟೆ 10. ಎಂಜಿನ್ ಅದೇ, ಬಾಯಿ ಅದೇ. ದನಿ ಮಾತ್ರ ಬೇರೆ. ಮೇಲೆ ಕೆಮ್ಮುತ್ತಿದ್ದದ್ದು ಇಲ್ಲಿ ಗುಡುಗುತ್ತದೆ. ಸುತ್ತಲೂ ಏನೂ ಬದಲಾದಂತೆ ಕಾಣುವುದಿಲ್ಲ. ಗಾಳಿಯನ್ನು ನೋಡಿದೆ, ಗಾಳಿಯೇ. ಆದರೂ ಅದಕ್ಕೆ ತೂಕ ಇದೆ. ಹಿಟ್ಟಿನ ಚೀಲಕ್ಕೆ ಇರುವ ಹಾಗೆ. ನಲವತ್ತೊಂಬತ್ತು ವರ್ಷ ಅದರೊಳಗೇ ಓಡಾಡಿಕೊಂಡಿದ್ದೇನೆ. ಯಾರೂ ಹೇಳಿರಲಿಲ್ಲ.

ಸಂಜೆ 4. ಕರನಾವಿ

1 ಗಂಟೆ 17. ಪ್ಲಗ್ಗಿನ ತುದಿ ಕಾಫಿ ಬಣ್ಣ. ಸರಿ ಇದೆ. ಎರಡು ಸಲ ನೋಡಿದೆ. ಭಾವ ಟಾರ್ಚ್ ಹಿಡಿದು ಮೂರನೇ ಸಲ ತೋರಿಸಿದ, ಕೇಳದೆಯೇ.

ಛತ್ರದ ಮೆಟ್ಟಿಲು ನಿಲ್ಲದೆ ಹತ್ತಿದೆ. ಮೂರು ಮಹಡಿ. ಮೇಲೆ ಹೋದ ಮೇಲೆ ಗೊತ್ತಾಯಿತು, ಏದುಸಿರೇ ಇಲ್ಲ. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ.

ಸೆಪ್ಟೆಂಬರ್ 10, ಭಾನುವಾರ. ಮಧ್ಯಾಹ್ನ 1.30

ಮೊದಲ ಎರಡು ಓಟ ಆಯಿತು. ಫೈನಲ್ಲಿಗೆ ಎಂಟು ಕಾರು. ಬಾಸಿ ಏಳನೆಯವಳಾಗಿ ಬಂದಿದ್ದಾಳೆ. ಬಾಳೆಕಾಯಿ ಕರಿದದ್ದು ತಂದುಕೊಟ್ಟರು, ಭಾವನ ಕಡೆ ಸರಿಸಿದೆ.

2.10

ಲಿಸಾಂದ್ರೋ ಬಂದಿದ್ದ. ಈ ಊರಿನವನು, ಕಿತ್ತಳೆ ತೋಟದವನು. ಹೋದ ವರ್ಷ ಗೆದ್ದವನು. ಮನುಷ್ಯ ಒಳ್ಳೆಯವನೇ.

"ದೋನ್ಯಾ ಬಾಸಿಲಿಯಾ ಅವರೇ, ನಿಮ್ಮ ಕಾರು ಹೊಗೆ ಜಾಸ್ತಿ ಬಿಡ್ತಿದೆ. ಸ್ಕ್ರೂ ಸ್ವಲ್ಪ ಮುಚ್ಚಿ. ಆಗ ನೋಡಿ ಹೇಗೆ ಹಾರುತ್ತೆ. ಒಂದಿಬ್ಬರನ್ನಾದ್ರೂ ಹಿಂದೆ ಹಾಕ್ಬಹುದು."

ನಿಜ. ಮುಚ್ಚಿದರೆ ವೇಗ ಬರುತ್ತದೆ. ಸುತ್ತ ಇದ್ದವರೂ ಹೌದು ಹೌದು ಎಂದರು. ಬಾಸಿಯ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವಳಿಗೆ ಗೆಲ್ಲುವ ಆಸೆ ಎಷ್ಟು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸ್ಕ್ರೂಡ್ರೈವರ್ ನನ್ನ ಕಡೆ ಚಾಚಿದಳು. ಹಿಡಿಯ ಕಡೆಯಿಂದ.

"ಏನ್ಮಾಡ್ಲಿ ಅಂತ ಕೇಳ್ತಿಲ್ಲ," ಅಂದಳು. "ನೀನೇ ಮಾಡು. ನಾನು ಮೇಲೆ ಹೋಗ್ತೀನಿ." ಹ್ಯಾಟು ಸರಿಮಾಡಿಕೊಂಡು, ಲಂಗ ಎತ್ತಿ ಹಿಡಿದು ಕಟ್ಟೆ ಹತ್ತಿದಳು. ತಿರುಗಿ ನೋಡಲಿಲ್ಲ.

ಎಲ್ಲರೂ ನನ್ನನ್ನೇ ನೋಡಿದರು. ಹೋದ ವರ್ಷ ನೋಡಿದವರೇ. ಎಂಜಿನ್ ಹತ್ತಿಸಿದೆ. ಕಣ್ಣುಮುಚ್ಚಿ ಕೇಳಿದೆ. ಆಕ್ಸಿಲರೇಟರ್ ಕೈಯಲ್ಲೇ ಎಳೆದೆ, ಬಿಟ್ಟೆ. ದನಿಯಲ್ಲಿ ಹಸಿವಿಲ್ಲ. ಬಿಸಿಲು ಏರುತ್ತಿದೆ, ಇಪ್ಪತ್ತು ನಿಮಿಷದ ಓಟ. ಈ ಚೂರು ಹೊಗೆ ಎಂದರೆ ಚೂರು ಹೆಚ್ಚು ಪೆಟ್ರೋಲು, ಅದೇ ಎಂಜಿನ್ನಿನ ತಂಪು.

"ಮುಚ್ಚಲ್ಲ," ಅಂದೆ.

"ಕೊನೇಲಿ ಬರ್ತೀರಿ," ಅಂದ ಲಿಸಾಂದ್ರೋ.

"ಬರ್ತೀವಿ," ಅಂದೆ.

ಕರೆಯುತ್ತಿದ್ದಾರೆ.

3.25

ಐದನೆಯವಳು. ಎಂಟರಲ್ಲಿ ಐದು. ಮೂರು ಕಾರು ದಾರಿಯಲ್ಲೇ ನಿಂತವು, ಅವುಗಳಲ್ಲಿ ಒಂದರ ಎಂಜಿನ್ ಕಚ್ಚಿಕೊಂಡಿತು. ಲಿಸಾಂದ್ರೋನದ್ದಲ್ಲ, ಅವನು ಈ ವರ್ಷವೂ ಗೆದ್ದ. ನಮ್ಮದು ಕೊನೆಯವರೆಗೂ ಓಡಿತು. ಮೊದಲ ಸುತ್ತಿನಲ್ಲಿ ಹೇಗಿತ್ತೋ ಕೊನೆಯ ಸುತ್ತಿನಲ್ಲೂ ಹಾಗೇ.

ಓಟ ಮುಗಿದ ಮೇಲೆ ಎಲ್ಲರೂ ಆರಿಸಿದರು. ಬಾಸಿ ಆರಿಸಲಿಲ್ಲ. ಕಟ್ಟೆಯ ಮೇಲಿಂದಲೇ ಕಾರನ್ನು ಮೆಲ್ಲಗೆ ನಡೆಸಿಕೊಂಡು ಬಂದು ನನ್ನ ಕಾಲ ಬಳಿ ನಿಲ್ಲಿಸಿದಳು. ನಿಂತು ಗುರುಗುಟ್ಟುತ್ತಿತ್ತು. ಆಮೇಲೆ ಇಳಿದು ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮೈಯೆಲ್ಲ ಧೂಳು.

ಆರಿಸಲು ಬಗ್ಗಿದೆ. ಕೈ ಹಿಡಿದಳು.

"ಟ್ಯಾಂಕಲ್ಲಿ ಇನ್ನೂ ಸ್ವಲ್ಪ ಇದೆ. ಮುಗಿಯೋವರೆಗೂ ಓಡಲಿ. ಕೇಳು."

ಕೇಳುತ್ತಿದ್ದೇನೆ. ಮಂಡಿಯ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಅಲುಗುತ್ತಿದೆ, ನೆಲವೇ ಅದರ ಜೊತೆ ಮಿಡಿಯುತ್ತಿದೆ. ಭಾವ ಬಂದ, ಅವನೂ ನೆಲದ ಮೇಲೆ ಕೂತ. ಬಾಸಿ ಕಣ್ಣು ಮುಚ್ಚಿದ್ದಾಳೆ. ನನ್ನ ಕೈ ಬಿಟ್ಟಿಲ್ಲ, ಎಡಗೈ. ಇನ್ನೂ ಓಡುತ್ತಿದೆ. ಈಗ ದನಿ ಸ್ವಲ್ಪ ಏರಿತು, ಪೆಟ್ರೋಲು ತಳಕ್ಕೆ ಬಂದಿರಬೇಕು, ಇನ್ನೇನು ಆರ—