ಲಾಡಿ ಇಲ್ಲದ ಹನ್ನೆರಡು ಪೈಜಾಮ

ಫೆಬ್ರವರಿ ೪, ರವಿವಾರ, ಮಧ್ಯಾಹ್ನ

ಇಂದು ಮೂರನೇ ಸಲ ಸತ್ತೆ. ಮೊದಲ ಸಲ ಸತ್ತಾಗ ಫೋಕಸ್ ತಪ್ಪಿತ್ತು. ಎರಡನೇ ಸಲ ಸತ್ತ ಮೇಲೆ ಸೀನಿದೆ. ಮೃತರು ಸೀನಬಾರದು ಎಂದು ನಿರ್ದೇಶಕರು ಆಜ್ಞೆ ಹೊರಡಿಸಿದ್ದಾರೆ. ಏನು ಮಾಡುವುದು... ಉಡಚಪ್ಪ ಕಾಕಾನ ಹಳೇ ಜಿನ್ನಿಂಗ್ ಶೆಡ್ಡು, ಹತ್ತು ವರ್ಷದ ಹತ್ತಿಯ ಧೂಳು. ದೆವ್ವಕ್ಕೂ ಮೂಗಿದೆ.

ದಾಖಲೆಗಾಗಿ: ಚಿತ್ರದ ಹೆಸರು ‘ಕಡೇ ಖೋಲಿ’. ಹುಚ್ಚಾಸ್ಪತ್ರೆಯಲ್ಲಿ ಸತ್ತ ರೋಗಿಗಳು ತಿರುಗಿ ಬರುವ ಕಥೆ. ನಿರ್ದೇಶಕ ಹನುಮೇಶ — ಒಂದನೇ ಇಯತ್ತೆಯಿಂದ ನನ್ನ ಬಾಜೂ ಕೂತವನು, ಈಗ ಗುಡಗೇರಿ ಸುತ್ತಿನ ಮದುವೆಗಳ ವಿಡಿಯೋ ತೆಗೆಯುವವನು. ಕ್ಯಾಮೆರಾ ಮುಜಫರ್. ಪ್ರಧಾನ ಪ್ರೇತ ಹಾಗೂ ಹೆದರಿಕೆ ಇಲಾಖೆಯ ಮುಖ್ಯಸ್ಥ, ಶ್ರೀ ಮೈಲಾರಿ. ಅಂದರೆ ನಾನು. ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಬೆಳಿಗ್ಗೆ ಹನ್ನೊಂದಕ್ಕೇ ನಡುರಾತ್ರಿ ಮಾಡುತ್ತೇವೆ. ಹೊರಗೆ ಕುರಿ ಕೂಗಿದರೆ ಆ ರಾತ್ರಿ ರದ್ದು.

ನರ್ಸ್ ಪಾತ್ರದ ಮುಬಶಿರಾ ಸರಿಯಾಗಿ ಚೀರುತ್ತಿರಲಿಲ್ಲ. ಗುಳಿಗೆಯ ತಟ್ಟೆಯಲ್ಲಿ ರಬ್ಬರ್ ಹಲ್ಲಿ ಇಟ್ಟೆ. ಗುಡಗೇರಿ ಸ್ಟೇಶನ್‌ವರೆಗೆ ಕೇಳುವಂತೆ ಚೀರಿದಳು. ಮುಜಫರ್ ಕ್ಯಾಮೆರಾ ಚಾಲೂ ಮಾಡಿರಲಿಲ್ಲ. ಅವಳು ಎಸೆದ ತಟ್ಟೆ ನನ್ನ ತಲೆಗೆ ಬಿತ್ತು.

“ಲೇ ಮೈಲಾರಿ, ಸತ್ತರೂ ನಿನ್ನ ಬುದ್ಧಿ ಸಾಯಂಗಿಲ್ಲ ನೋಡು!”

ಹೊಗಳಿಕೆ ಎಂದು ಸ್ವೀಕರಿಸಲಾಗಿದೆ.

ಅದೇ ದಿನ, ಸಂಜೆ

ರೋಗಿಗಳ ಹನ್ನೆರಡು ಜೊತೆ ನೀಲಿ ಬಟ್ಟೆ ಹೊಲಿಯಲು ಅಕ್ಕನಿಗೆ ಕೊಟ್ಟೆ. ಕಾಲೇಜಿನ ನಾಟಕದ ರೋಗಿಗಳಿಗೆ ಎಂದೆ. ಪಡಸಾಲೆಯಲ್ಲಿ ಅವಳ ಹೊಲಿಗೆ ಕ್ಲಾಸು ನಡೆದಿತ್ತು. ಆರು ಹುಡುಗಿಯರು, ಆರೂ ಬಾಯಿಗಳಲ್ಲಿ ಗುಂಡುಸೂಜಿ. ಅಕ್ಕ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಯಾವ ನಾಟಕ ಎಂದು ಕೇಳಲಿಲ್ಲ.

ಫೆಬ್ರವರಿ ೯, ಶುಕ್ರವಾರ

ಬಟ್ಟೆ ಬಂತು. ಹನ್ನೆರಡೂ ಪೈಜಾಮಕ್ಕೆ ಇಲಾಸ್ಟಿಕ್. ಹನುಮೇಶ ಹಾರಾಡಿದ.

“ಇದೇನಲೇ, ಸಾಲಿ ಹುಡುಗೂರ ಚಡ್ಡಿ ಹೊಲಿದಾಳೇನು ನಿಮ್ಮಕ್ಕ? ಸೀನಿನ್ಯಾಗ ಲಾಡಿ ಜೋತಾಡಬೇಕು ಅಂತ ಹೇಳಿದ್ನೋ ಇಲ್ಲೋ? ಆಕಿಗೇನು ತಿಳೀತೈತಿ!”

ಸಿಟ್ಟು ಬಂತು. “ಅಂಥ ದವಾಖಾನ್ಯಾಗ ಲಾಡಿ ಕೊಡಂಗಿಲ್ಲಲೇ. ಜೀವಕ್ಕ ಏನರ ಮಾಡಿಕೊಂಡಾರು ಅಂತ. ಅಕ್ಕಗ ಗೊತ್ತೈತಿ.”

“ಆಕಿಗೆ ಹೆಂಗ ಗೊತ್ತು?”

ನನ್ನ ಕಿಸೆಯಲ್ಲಿ ಸದಾ ಸಾವಿರ ಸುಳ್ಳು ಇರುತ್ತವೆ. ಆ ಗಳಿಗೆಯಲ್ಲಿ ಒಂದೂ ಕೈಗೆ ಸಿಗಲಿಲ್ಲ. ಹೇಳಿಬಿಟ್ಟೆ.

ಹೋದ ವರ್ಷದ ಹಿಂದಿನ ವರ್ಷ ಅಕ್ಕ, ನಾವು ಊರಿಗೆ ಹೇಳಿದ ಹಾಗೆ, ಅಳ್ನಾವರಕ್ಕೆ, ಚಿಗವ್ವನ ಮಗಳ ಬಾಣಂತನಕ್ಕೆ ಹೋಗಿರಲಿಲ್ಲ. ಮೂರು ತಿಂಗಳು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿದ್ದಳು. ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಅಲ್ಲಿ ಆರಾಮಾದಳು. ಮನೆಯವರ ಹೊರತು ಇದು ಯಾರಿಗೂ ಗೊತ್ತಿಲ್ಲ. ಬಾಣಂತನದ ಸುಳ್ಳನ್ನು ನಾವು ಶಾಸ್ತ್ರೋಕ್ತವಾಗಿ ನಡೆಸಿದೆವು. ಅವ್ವ ತಾನೇ ಅಂಟಿನ ಉಂಡಿ ಕಟ್ಟಿ, ಅಳ್ನಾವರದಿಂದ ಕಳಿಸ್ಯಾರ ಎಂದು ಓಣಿಗೆಲ್ಲ ಹಂಚಿದಳು. ಎದುರುಮನೆಯ ಮೈಲಾರವ್ವ ಇಲ್ಲದ ಕೂಸಿಗೆ ಕುಲಾವಿ ಹೊಲಿದು ಕೊಟ್ಟಳು. ಕೂಸಿಗೆ ಹೆಸರಿಟ್ಟವನು ನಾನು.

ಹನುಮೇಶ ಕ್ಯಾಮೆರಾದ ಮೇಲೆ ಕೈಯಿಟ್ಟ. ಆಮೇಲೆ, “ಕ್ಯಾಮೆರಾ ಮುಟ್ಟಿ ಹೇಳತೇನಿ ದೋಸ್ತ. ಈ ಮಾತು ನನ್ನ ಹೊಟ್ಯಾಗ.”

ಎದೆ ಹಗುರಾಯಿತು. ನಿಜ ಹೇಳುವುದರಲ್ಲೂ ಒಂದು ಮಜಾ ಇದೆ ಎಂದು ಇಂದೇ ತಿಳಿದದ್ದು.

ಫೆಬ್ರವರಿ ೧೩, ಮಂಗಳವಾರ

ಸರಪಳಿ ತರಲು ಹನುಮೇಶ ನನ್ನನ್ನು ಕುಂದಗೋಳಕ್ಕೆ ಅಟ್ಟಿದ. ಹುಚ್ಚಾಸ್ಪತ್ರೆ ಅಂದಮೇಲೆ ಸರಪಳಿ ಬೇಕಂತೆ. ಅಂಥದ್ದೇನೂ ಇರೂದಿಲ್ಲಲೇ, ಕೇರಂ ಬೋರ್ಡ್ ಇರತೈತಿ ಎಂದೆ. “ಕೇರಂ ನೋಡಿ ಯಾರು ಅಂಜತಾರೋ?” ಎಂದ.

ತಿರುಗಿ ಬಂದರೆ ನಮ್ಮ ಮನೆಯಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದಾನೆ! ಅಕ್ಕನ ಕಣ್ಣು ಕೆಂಪಗಿದ್ದವು, ಮುಖ ಮಾತ್ರ ನಗುತ್ತಿತ್ತು.

“ಏನಾತು?”

“ಏನಿಲ್ಲಪಾ. ನಿನ್ನ ಗೆಳ್ಯಾ ಚಲೋ ಹುಡುಗ.”

ನನ್ನ ತಾಟಿಗೆ ಕೇಳದೆಯೇ ತುಪ್ಪ ಬಿತ್ತು. ಊಟ ಮುಗಿಯುವ ತನಕ ನನ್ನನ್ನೇ ನೋಡುತ್ತಿದ್ದಳು, ನಾನು ಪರೀಕ್ಷೆಯಲ್ಲಿ ಜಿಲ್ಲೆಗೆ ಮೊದಲು ಬಂದವನ ಹಾಗೆ. ಏನೋ ಕುಚೋದ್ಯ ಇದೆ ಎಂದು ಚೆಂಬು, ಚಪ್ಪಲಿ ಎಲ್ಲ ಪರೀಕ್ಷಿಸಿದೆ. ಏನೂ ಸಿಗಲಿಲ್ಲ.

ಮಾರ್ಚ್ ೧೦, ರವಿವಾರ

ಟ್ರೇಲರ್ ಬಂತು. ಊರಿನ ಎಲ್ಲ ಗ್ರೂಪಿಗೂ ಬಿದ್ದಿದೆ.

ಕತ್ತಲು. ಸರಪಳಿಯ ಸಪ್ಪಳ. ನಾನು ಬರುವ ಮೊದಲು ಒಂದು ಹೆಣ್ಣುದನಿ.

“ದಿನಾ ನಾಕ ಗಂಟೆಕ್ಕ ಕಿಡಕ್ಯಾಗ ನಿಂದರತಿದ್ದೆ. ಮೈಲಾರಿ ಬಂದಾನೇನ್ರಿ ಅಂತ ಸಿಸ್ಟರ್‌ನ ಕೇಳತಿದ್ದೆ. ಬಂದಿಲ್ಲವ್ವಾ ಅಂತಿದ್ರು. ಮತ್ತ ಮರುದಿನ ನಿಂದರತಿದ್ದೆ.”

ಅಕ್ಕ.

ಬಂದಾನೇನ್ರಿ... ಬಂದಾನೇನ್ರಿ... ಎಂದು ಅದಕ್ಕೆ ಎಕೋ ಹಚ್ಚಿದ್ದಾನೆ. ಎಕೋ ಮುಗಿಯುವ ಮೊದಲೇ ದೆವ್ವದ ನಗು. ಆ ನಗು ನನ್ನದು. ಮುಜಫರನ ಮನೆಯಲ್ಲಿ ಕಂಬಳಿ ಹೊದ್ದು ನಕ್ಕು ಬಂದಿದ್ದೆ, ಎಲ್ಲಿ ಅಂಟಿಸುತ್ತಾರೆ ಎಂದು ಗೊತ್ತಿರಲಿಲ್ಲ. ಕೊನೆಗೆ ಕೆಂಪಕ್ಷರ: ನಮ್ಮೂರಿನ ನಿಜ ಘಟನೆ.

ಮೂರು ತಿಂಗಳಲ್ಲಿ ಒಮ್ಮೆಯೂ ಹೋಗಲಿಲ್ಲ ನಾನು. ಪರೀಕ್ಷೆ ಎಂದಿದ್ದೆ. ಅಂಜಿಕೆ. ಅವಳು ಕಿಟಕಿಯಲ್ಲಿ ನಿಲ್ಲುತ್ತಿದ್ದಳೆಂದು ಇಂದು ಗೊತ್ತಾಯಿತು. ಊರಿಗೆಲ್ಲ ಗೊತ್ತಾದ ಹೊತ್ತಿಗೇ.

ಮಾರ್ಚ್ ೧೧

ಹನುಮೇಶ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ತಗದು ಹಾಕಲೇ ಅದನ್ನ.”

“ಯಾಕ? ಆಕಿ ಹೆಸರು ಹಾಕೀನೇನು?”

“ನನ್ನ ಹೆಸರು ಐತಲ್ಲೋ! ಆಕಿ ದನಿ ಐತಲ್ಲೋ! ಆರು ಹುಡುಗ್ಯಾರು ದಿನಾ ಕೇಳೂ ದನಿ!”

“ಆಕಿಗೆ ಕೇಳೇ ರೆಕಾರ್ಡ್ ಮಾಡೇನಿ.”

“ಪಿಚ್ಚರ್‌ಗೆ ಅಂತ ಕೇಳಿದ್ದೇನು?”

ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ನಿಧಾನವಾಗಿ, ಲೆಕ್ಕ ಬಿಡಿಸಿ ಹೇಳುವವನ ಹಾಗೆ: “ನೋಡು ಮೈಲಾರಿ. ನಾ ಏನೂ ಕದ್ದಿಲ್ಲ. ನೀನ ತಂದು ನನ್ನ ಕೈಯಾಗ ಕೊಟ್ಟಿ.”

ಹೊಡೆಯಲು ಎತ್ತಿದ ಕೈ ಅಲ್ಲೇ ಉಳಿಯಿತು. ಹದಿನಾರು ವರ್ಷ ಒಂದೇ ಬೆಂಚು. ನನ್ನ ಎಷ್ಟು ಸುಳ್ಳು ಮುಚ್ಚಿಟ್ಟಿದ್ದಾನೆ ಇವನು! ಒಂದು ನಿಜ ಹೇಳಿದೆ, ಅದನ್ನೇ ಮಾರಿದ.

ಮಾರ್ಚ್ ೧೩, ಬುಧವಾರ

ಸೋಮವಾರ ಕ್ಲಾಸಿಗೆ ನಾಲ್ವರು. ಇಂದು ಇಬ್ಬರು. ಉಳಿದವರಿಗೆ ಜ್ವರವಂತೆ, ಎಲ್ಲರಿಗೂ ಒಟ್ಟಿಗೇ. ಎದುರುಮನೆಯ ಮೈಲಾರವ್ವ ಬಾಗಿಲಲ್ಲೇ ನಿಂತು ಅವ್ವನಿಗೆ, “ಅಲ್ಲ ದುರಗವ್ವಾ, ಹಂಗಾರ ಆ ಕೂಸು?” ಎಂದು ಕೇಳಿದಳು. ಅವ್ವ ಒಳಗೆ ಹೋಗಿಬಿಟ್ಟಳು.

ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಅಳುತ್ತಿರಲಿಲ್ಲ.

“ಅವತ್ತ ನೀ ಕುಂದಗೋಳಕ್ಕ ಹೋದಾಗ ಹನುಮೇಶ ಏನಂದ ಗೊತ್ತೈತೇನು? ‘ಮೈಲಾರಿಗೆ ಕೇಳಲಿಕ್ಕೆ ನಾಚಿಕಿ ಅಕ್ಕಾರ. ಆವಾಗ ಬರಲಿಲ್ಲ ಅಂತ ಒಳಗ ಕೊರೀತೈತಿ ಅಂವಗ. ನಿಮ್ಮ ಮಾತು ಫೋನಿನ್ಯಾಗ ತುಂಬಿಕೊಂಡು ಬಾ ಅಂತ ಕಳಿಸ್ಯಾನ’ ಅಂದ. ನಾ ನಿನಗಂತ ಮಾತಾಡಿದೆ ತಮ್ಮಾ.”

ನನಗಂತ.

“ನೀ ಕಳಿಸಿದ್ದೇನು?”

“ಇಲ್ಲಕ್ಕಾ. ದೇವರಾಣಿ ಇಲ್ಲ.” ಇದು ನಿಜ.

“ಮತ್ತ ಅಂವಗ ಹೆಂಗ ಗೊತ್ತಾತು, ನಾ ಅಲ್ಲಿದ್ದಿದ್ದು?”

“ಇಲಾಸ್ಟಿಕ್ ನೋಡಿ ತಿಳಕೊಂಡಿರಬೇಕು.”

ಇದು ಎಲ್ಲಿಂದ ಬಂತು? ಇವತ್ತು ಕಿಸೆ ತುಂಬಾ ಸುಳ್ಳು ಇದ್ದವು.

ಅಕ್ಕ ತನ್ನ ಬೆರಳು ನೋಡಿಕೊಂಡಳು. “ಹಂಗಾರ ನಂದ ತಪ್ಪು,” ಎಂದಳು. “ಸುಮ್ಮನ ಲಾಡಿ ಹಾಕಬೇಕಾಗಿತ್ತು. ಶಾಣ್ಯಾತನ ಮಾಡಲಿಕ್ಕೆ ಹೋದೆ.”

ಮಾರ್ಚ್ ೧೪, ಬೆಳಿಗ್ಗೆ

ಹನುಮೇಶನನ್ನು ಬೈದು ಎರಡು ಪುಟ ಬರೆದಿದ್ದೆ. ದ್ರೋಹಿ, ಕಟುಕ... ಎಲ್ಲ ಸರಿಯೇ, ಒಂದು ಶಬ್ದವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಎರಡು ಪುಟದಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಹರಿದೆ.

ಪಡಸಾಲೆಯಲ್ಲಿ ಅಕ್ಕ ಮಷಿನ್ ಒರೆಸುತ್ತಿದ್ದಾಳೆ. ಇವತ್ತೊಂದಿನ ಬಿಡವಾ ಅನ್ನುತ್ತಿದ್ದಾಳೆ ಅವ್ವ. “ಬಂದವರಿಗೆ ಕಲಿಸತೇನಿ. ಯಾರೂ ಬರಲಿಲ್ಲಂದ್ರ ನನಗ ನಾನ ಹೊಲಕೋತೇನಿ.”

ಹೋಗುತ್ತೇನೆ. ನಗಿಸುವುದಿಲ್ಲ, ನಾಟಕದ ದನಿ ಇಲ್ಲ, ಕಾಲಿಗೆ ಬಿದ್ದು ತಮಾಷೆ ಮಾಡುವುದಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಮೊದಲ ಮಾತೇ ಇದು: ಅಕ್ಕಾ, ಅಂವ ತಾನಾಗಿ ತಿಳಕೊಂಡಿದ್ದಲ್ಲ. ಅಂವಗ ಹೇಳಿದವ ನಾನ.