ನಾಲ್ಕಕ್ಕೆ ಮೂರರ ಗಾಜು

ಶ್ರೀನಿವಾಸಪುರ
14-6-2025

ಚಿರಂಜೀವಿ ಆಂಜಿಗೆ ನಿನ್ನ ಅಣ್ಣ ಉಮಾಶಂಕರನ ಆಶೀರ್ವಾದ. ರಜನಿಗೂ ಮಗುವಿಗೂ ಸೇರಿಸಿ.

ಏಳು ವರ್ಷದ ಮೇಲೆ ಕಾಗದ ಬರೆದು ‘ತಡವಾಯಿತು, ಕ್ಷಮಿಸು’ ಅಂದರೆ ನೀನು ನಗುತ್ತೀಯ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಅಂಚೆ ಹಿಡಿದೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ. ಹಳೇ ಜಗಳ ಕೆದಕಲು ಬರೆಯುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಕಣೋ.

ನಿನ್ನ ಅತ್ತಿಗೆ ಮುನಿಲಕ್ಷ್ಮಿ ಚೆನ್ನಾಗಿದ್ದಾಳೆ. ಮಂಡಿಗೆ ಮಾವು ಬರುತ್ತಿದೆ, ಊರೆಲ್ಲ ನೊಣ. ನನ್ನ ಕಸುಬು ಇನ್ನೂ ಅದೇ, ವಿಡಿಯೋ ಗೇಮ್ ಪೆಟ್ಟಿಗೆ ರಿಪೇರಿ. ಹಳೇ ಪೆಟ್ಟಿಗೆಗಳಿಗೆ ಈಗ ಮತ್ತೆ ಶುಕ್ರದೆಸೆ. ಮುಳಬಾಗಿಲು ಹೈವೇಯಲ್ಲಿ ವಿಭಾ ಅಂತ ಒಬ್ಬ ಹೆಣ್ಣುಮಗಳು ಗೇಮ್ ಸೆಂಟರ್ ತೆಗೆದಿದ್ದಾಳೆ. ಇಬ್ಬರು ನಿಂತು ಬಡಿದಾಡುವ ಆಟದ ಮೂರು ಪೆಟ್ಟಿಗೆ, ಮೂರಕ್ಕೂ ಹಳೇ ಪಿಕ್ಚರ್ ಟ್ಯೂಬೇ ಬೇಕೆಂದು ಹಟ ಹಿಡಿದು ಹಾಕಿಸಿದಳು.

ಆ ಆಟದ ಬೋರ್ಡು ಕಳಿಸುವುದು ಅಡ್ಡಕ್ಕೆ ಮುನ್ನೂರ ಎಂಬತ್ತನಾಲ್ಕು ಚುಕ್ಕಿ, ಎತ್ತರಕ್ಕೆ ಇನ್ನೂರ ಇಪ್ಪತ್ತನಾಲ್ಕು. ಅದನ್ನು ನಾಲ್ಕಕ್ಕೆ ಮೂರರ ಅಳತೆಯ ಗಾಜಿನ ತುಂಬ ಕೂರಿಸಬೇಕು. ಚಿತ್ರದ ಮೇಲುಗಡೆ ಎಡಕ್ಕೊಂದು ಬಲಕ್ಕೊಂದು, ಪೈಲ್ವಾನರಿಗೆ ಉಳಿದ ಜೀವ ತೋರಿಸುವ ಪಟ್ಟಿ, ನಡುವೆ ಗಡಿಯಾರ. ನನಗೆ ಕೆಲಸ ಕಲಿಸಿದ ಸುಬ್ಬರಾಯಪ್ಪ ಮೇಷ್ಟ್ರದು ಒಂದೇ ಕಟ್ಟಳೆ. ಆಡುವವನ ಹಾಗೆ ಹತ್ತಿರ ನಿಲ್ಲು, ಕಣ್ಣನ್ನು ಗಡಿಯಾರದ ಮೇಲಿಡು, ಹೊರಳಿಸಬೇಡ. ಎರಡೂ ಪಟ್ಟಿಯ ತುದಿ ಕಂಡರೆ ಅಳತೆ ಸರಿ. ಟೇಪ್ ಹಿಡಿಯುವವನು ದರ್ಜಿ ಕೆಲಸಕ್ಕೆ ಹೋಗಲಿ ಎನ್ನುತ್ತಿದ್ದರು. ಮೂವತ್ತು ವರ್ಷ ನಾನು ಟೇಪ್ ಮುಟ್ಟಲಿಲ್ಲ.

ಹೋದ ತಿಂಗಳು ಮೂರನೇ ಪೆಟ್ಟಿಗೆ ಕೂರಿಸಿದಾಗ ಪಟ್ಟಿಯ ತುದಿಗಳು ಕಾಣಲಿಲ್ಲ. ಚಿತ್ರ ಗಾಜು ಮೀರಿ ಹೋಗಿದೆ ಅಂದುಕೊಂಡು, ಹಿಂದೆ ಕೈ ಹಾಕಿ, ಅಗಲದ ಕಾಯಿಲ್ ತಿರುಗಿಸಿ ಕುಗ್ಗಿಸುತ್ತ ಬಂದೆ. ತುದಿ ಕಂಡಿತು. ಸಮಾಧಾನವಾಗಿ ಮನೆಗೆ ಬಂದೆ.

ಎರಡು ದಿನಕ್ಕೆ ವಿಭಾ ಫೋನ್ ಮಾಡಿದಳು. “ಅಂಕಲ್, ಪಿಕ್ಚರ್ ಎರಡೂ ಕಡೆ ನಾಕ್ನಾಕು ಬೆರಳು ಕಪ್ಪು ಬಿಟ್ಟಿದೆ. ಪೈಲ್ವಾನ್ರು ಊದುಬತ್ತಿ ತರ ಆಗಿದಾರೆ.”

ನನಗೆ ರೇಗಿತು. “ಹಳೇ ಆಟ ಅಂದ್ಮೇಲೆ ಪಕ್ಕದಲ್ಲಿ ಕಪ್ಪು ಬಂದೇ ಬರ್ತದಮ್ಮ” ಅಂದೆ.

“ಅದು ಹದಿನಾರಕ್ಕೆ ಒಂಬತ್ತರ ಎಲ್‌ಇಡಿಗೆ ಹಾಕಿದ್ರೆ ಅಂತ ನೀವೇ ಹೇಳಿದ್ರಿ. ಇದು ಟ್ಯೂಬು ಅಲ್ವಾ ಅಂಕಲ್?”

ಮಾರನೇ ದಿನ ಹೋದೆ. ಅವಳು ಟೇಪ್ ಹಿಡಿದು ತೋರಿಸಿದಳು, ನಾಲ್ಕು ಬೆರಳೇ. ಕಾಯಿಲ್ ಸಡಿಲವಾಗಿರಬೇಕು ಎಂದು ಗೊಣಗುತ್ತ, ಗಡಿಯಾರ ನೋಡುತ್ತ ಚಿತ್ರ ಹಿಗ್ಗಿಸಿದೆ. ತುದಿಗಳು ಮಾಯವಾದವು. “ನೋಡಮ್ಮ, ಆಚೆ ಹೋಯ್ತು” ಅಂದೆ. “ಎಲ್ಲೂ ಹೋಗಿಲ್ಲ ಅಂಕಲ್, ಇಲ್ಲೇ ಇದೆ” ಅಂತ ಅವಳು ಗಾಜಿನ ಎಡ ಅಂಚಿಗೆ ಉಗುರಿನಿಂದ ಬಡಿದಳು. ಟಕಟಕ ಅನ್ನುವುದು ಕೇಳಿಸಿತು. ಕಣ್ಣು ಗಡಿಯಾರದ ಮೇಲೇ ಇತ್ತು, ಬೆರಳು ಕಾಣಲಿಲ್ಲ. ಕತ್ತಲೆಯೂ ಇಲ್ಲ ಆಂಜಿ, ಮಂಜೂ ಇಲ್ಲ. ಆ ಜಾಗವೇ ಇಲ್ಲ. ಬೈಕನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಯೋಚನೆ, ಬೆಳಗ್ಗೆ ಬರುವಾಗ ಪಕ್ಕದಲ್ಲಿ ಯಾರ್ಯಾರನ್ನು ಉಜ್ಜಿಕೊಂಡು ಬಂದೆನೋ ಅಂತ.

ಕೋಲಾರದ ಕಣ್ಣಾಸ್ಪತ್ರೆಯಲ್ಲಿ ಒಂದು ಬಟ್ಟಲಿಗೆ ಮುಖ ಕೊಟ್ಟು ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಜೀವಮಾನವೆಲ್ಲ ಬಟನ್ ರಿಪೇರಿ ಮಾಡಿದವನಿಗೆ ಇದೇನು ಮಹಾ ಅಂದುಕೊಂಡೆ. ಸ್ವಲ್ಪ ಹೊತ್ತು ಚುಕ್ಕಿ ಬಂದವು, ಆಮೇಲೆ ಬರಲೇ ಇಲ್ಲ. “ಮೇಡಂ, ನಿಮ್ಮ ಮಿಷನ್ ನಿಂತೋಗಿದೆ, ತೆಗೀರಿ, ನಾನೇ ನೋಡ್ತೀನಿ” ಅಂದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಗಲಿಲ್ಲ. “ನಡೀತಾ ಇದೆ ಸರ್. ಮುಂದೆ ನೋಡ್ತಾ ಇರಿ” ಅಂದಳು.

ಇದಕ್ಕೆ ಗ್ಲಾಕೋಮಾ ಅನ್ನುತ್ತಾರೆ. ಕಣ್ಣೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದೆ, ಅಂಚಿನಿಂದ ಶುರುವಾಗಿ ನಡುವಿಗೆ. ನೋವಿಲ್ಲ, ನೇರ ನೋಟ ಕೊನೆಯವರೆಗೂ ಚೊಕ್ಕಟ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಯಬೇಕು. ಡಾಕ್ಟರಮ್ಮ ಕೇಳಿದ್ದು ಇಷ್ಟೇ: “ಅಣ್ಣತಮ್ಮಂದಿರು ಇದಾರಾ? ಅವರಿಗೂ ಬರಬಹುದು. ಏನು ಕೆಲಸ ಅವರದು?”

“ಒಬ್ಬ ತಮ್ಮ. ಮಾಲೂರಲ್ಲಿ ಸ್ಕೂಲ್ ವ್ಯಾನ್ ಓಡಿಸ್ತಾನೆ” ಅಂದೆ.

ಆಂಜಿ, ಕೈ ಮುಗಿಯುತ್ತೇನೆ, ಪರೀಕ್ಷೆ ಮಾಡಿಸುವ ತನಕ ವ್ಯಾನ್ ತೆಗೆಯಬೇಡ. ಬೇರೆ ಡ್ರೈವರ್ ಇಡು. ನನಗೆ ಚೆನ್ನಾಗಿ ಕಾಣುತ್ತದೆ ಅನ್ನುತ್ತೀಯ, ಗೊತ್ತು. ನನಗೂ ಚೆನ್ನಾಗಿಯೇ ಕಾಣುತ್ತಿತ್ತು. ಇಳಿದ ಮಕ್ಕಳು ವ್ಯಾನಿನ ಪಕ್ಕದಲ್ಲೇ ಸುತ್ತಿಕೊಂಡು ಓಡುತ್ತವಲ್ಲ, ಆ ಚಿತ್ರ ಕಣ್ಣು ಮುಚ್ಚಿದರೂ ಬರುತ್ತದೆ. “ನೀವು ಬರೆದ್ರೆ ಅವರು ಓದಲ್ಲ, ರಜನಿ ಹೆಸರಿಗೆ ಹಾಕಿ” ಅಂದಳು ಮುನಿಲಕ್ಷ್ಮಿ. ಅದಕ್ಕೇ ಲಕೋಟೆಯ ಮೇಲೆ ಅವಳ ಹೆಸರಿದೆ.

ನನ್ನ ಮೇಲಿನ ಕೋಪ ಹಾಗೇ ಇಟ್ಟುಕೋ, ಕಣ್ಣು ಮಾತ್ರ ತೋರಿಸಿಕೊಂಡು ಬಾ. ದೇವರು ನಿನ್ನನ್ನೂ ನಿನ್ನ ವ್ಯಾನಿನ ಮಕ್ಕಳನ್ನೂ ಕಾಪಾಡಲಿ.

ನಿನ್ನ ಅಣ್ಣ,
ಉಮಾಶಂಕರ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯವಿರಲಿಲ್ಲ. ತಂದೆಗೆ ಕಣ್ಣಿನ ತೊಂದರೆ ಇತ್ತಾ ಎಂದೂ ಡಾಕ್ಟರಮ್ಮ ಕೇಳಿದರು. ಇಲ್ಲ, ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದ ಅಂದೆ. “ಪಕ್ಕದಲ್ಲಿ ನಿಂತೋರು ಕಾಣ್ತಿದ್ರಾ?” ಅಂದರು. ಅಪ್ಪ ಬಾಗಿಲಿಗೆ ಭುಜ ಬಡಿದುಕೊಳ್ಳುತ್ತಿದ್ದುದು, ನಾವು ಹೆಂಡ ಏರಿಸಿಕೊಂಡು ಬಂದಿದ್ದಾನೆ ಅಂತ ಬೈಯುತ್ತಿದ್ದುದು ನೆನಪಾಯಿತು. ನಿನ್ನ ಮದುವೆಯ ಮೇಲಿನ ಸಿಟ್ಟನ್ನು ಅಪ್ಪ ಮರೆಯಲಿ ಅಂತ ನೀನು ಕೂಸನ್ನು ಎತ್ತಿಕೊಂಡು ಮಾವಿನ ಮಂಡಿ ಬಾಗಿಲಲ್ಲಿ ನಿಂತಿದ್ದೆ. ಅವನೇ ಮೊದಲು ಮಾತಾಡಿಸಲಿ ಅಂತ ನೀನು ಬಾಯಿ ಬಿಡಲಿಲ್ಲ. ಅಪ್ಪ ನಿನ್ನ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ಹಾದು ಹೋದ. “ನೋಡಿ ಮುಖ ತಿರುಗಿಸ್ಕೊಂಡ ಕಣೋ, ಹೋಗು” ಅಂತ ನಿನ್ನನ್ನು ಬಸ್ಸು ಹತ್ತಿಸಿದವನು ನಾನು. ಅವತ್ತು ಸಂಜೆ ಅವನು ನನ್ನನ್ನು ಕೇಳಿದ, “ಆಂಜಿ ಕೂಸನ್ನ ಕರ್ಕೊಂಡು ಬರ್ತಾನೆ ಅಂದಿದ್ಯಲ್ಲ, ಬರ್ಲಿಲ್ವೇನೋ?” ನಾಟಕ ಆಡುತ್ತಿದ್ದಾನೆ ಅಂತ ಸಿಟ್ಟು ಬಂತು. “ಬರ್ಲಿಲ್ಲ” ಅಂದುಬಿಟ್ಟೆ. ಅಪ್ಪ ಸಾಯುವವರೆಗೂ ಅದನ್ನೇ ನಂಬಿದ್ದ.